ಧಾರೆಗೆ ಬೇಕಾದದ್ದು ಇಷ್ಟೇ

ಮದುವೆಯ ತಿಂಗಳುಗಳು ಶುರುವಾದವೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಬರೆಯುವವರು ಹೆಚ್ಚಾಗಿ ಮದುಮಗಳಂದಿರು, ಇಲ್ಲವೇ ಅವರ ಅಮ್ಮಂದಿರು. "ಮೇಡಂ, ಇನ್ನು ನಾಲ್ಕು ದಿನ ಇದೆ, ಛತ್ರದವರು ಕೈಯೆತ್ತಿಬಿಟ್ಟರು." "ದೊಡ್ಡಪ್ಪ ತೀರಿಕೊಂಡರು, ಮದುವೆ ಮುಂದಕ್ಕೆ ಹಾಕಬೇಕಾ?" "ಅವತ್ತೇ ನನ್ನ ಮುಟ್ಟಿನ ದಿನ ಬರುತ್ತೆ, ಯಾರಿಗೆ ಹೇಳಲಿ?" "ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಧಾರೆ ಎರೆಯುವವರು ಯಾರು?" ಕಾರಣಗಳು ಬೇರೆ ಬೇರೆ, ಕೇಳುವುದು ಮಾತ್ರ ಒಂದನ್ನೇ. ಕೊನೆ ಗಳಿಗೆಯಲ್ಲಿ ಹೀಗಾದರೆ ಮದುವೆ ನಡೆಸಬಹುದಾ? ನಡೆಸಿದರೆ ಅದು ಸರಿಯಾದ ಮದುವೆ ಅನ್ನಿಸಿಕೊಳ್ಳುತ್ತದಾ?

ಬಹುಪಾಲು ಪತ್ರಗಳಿಗೆ ನನ್ನ ಉತ್ತರ, ನಡೆಸಿ ಎಂದೇ. ಧೈರ್ಯ ತುಂಬಲೆಂದು ಹೇಳುವ ಮಾತಲ್ಲ ಇದು. ಮದುವೆ ಎಂಬ ಕ್ರಿಯೆಗೆ ನಿಜವಾಗಿ ಬೇಕಾಗುವ ವಸ್ತು, ವೇಳೆ, ಜನ ಎಲ್ಲ ಸೇರಿಸಿದರೂ ಬಹಳ ಕಡಿಮೆ. ಉಳಿದದ್ದನ್ನು ನಾವು ಆಸೆಯಿಂದ, ಅಂತಸ್ತಿಗಾಗಿ, ಅಥವಾ ಬೀಗರು ಏನೆಂದುಕೊಂಡಾರೋ ಎಂಬ ಅಂಜಿಕೆಯಿಂದ ಸೇರಿಸಿಕೊಂಡಿದ್ದೇವೆ. ಆಸೆಪಟ್ಟು ಸೇರಿಸಿದ್ದು ಕೈತಪ್ಪಿದರೆ ನೋವಾಗುತ್ತದೆ, ಆಗಲೇಬೇಕು. ಆದರೆ ಮದುವೆಯೇ ಕೈತಪ್ಪಿತು ಎಂದು ಆ ಹುಡುಗಿ ಕಂಗಾಲಾಗಿ ಕೂರುವ ಅಗತ್ಯವಿಲ್ಲ.

ಕಾನೂನನ್ನೇ ಮೊದಲು ನೋಡೋಣ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮದುವೆ ವಧು ಅಥವಾ ವರ, ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯ ಶಾಸ್ತ್ರದಂತೆ ನಡೆದರೆ ಸಾಕು. ಆ ರೂಢಿಯಲ್ಲಿ ಸಪ್ತಪದಿ ಇದ್ದರೆ, ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಯಿತು. ಛತ್ರ, ಓಲಗ, ಆರತಕ್ಷತೆ ಯಾವುದರ ಮಾತೂ ಅಲ್ಲಿಲ್ಲ. ಮುಹೂರ್ತದ ಮಾತೂ ಇಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದೇ ಸೆಕ್ಷನ್ ಹಿಡಿದು ತೀರ್ಪು ಕೊಟ್ಟಿತು. ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಹಿಂದೂ ವಿವಾಹ ಆಗುವುದಿಲ್ಲ ಎಂದಿತು. ಮದುವೆಯೆಂದರೆ ಹಾಡು, ಕುಣಿತ, ಭೋಜನಕ್ಕೆ ಒಂದು ನೆಪವಲ್ಲ ಎಂಬುದನ್ನೂ ಅದೇ ತೀರ್ಪು ನೆನಪಿಸಿತು. ಅಗ್ನಿಯ ಮುಂದಿನ ಆ ಹೆಜ್ಜೆಗಳನ್ನು ಬಿಡುವಂತಿಲ್ಲ, ಆದರೆ ಅದರ ಸುತ್ತ ಕಟ್ಟಿದ ವೈಭವದಲ್ಲಿ ಎಷ್ಟನ್ನು ಬೇಕಾದರೂ ಬಿಡಬಹುದು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಂತೂ 30 ದಿನದ ನೋಟಿಸ್ ಮುಗಿದ ಮೇಲೆ ಅಧಿಕಾರಿಯ ಮುಂದೆ ಮೂವರು ಸಾಕ್ಷಿಗಳ ಎದುರು ಇಬ್ಬರೂ ಒಪ್ಪಿಗೆಯ ಮಾತು ಹೇಳಿ ಸಹಿ ಹಾಕಿದರೆ ಆಯಿತು. ನಿಕಾಹ್‌ಗೂ ಮುಖ್ಯವಾಗಿ ಬೇಕಾದದ್ದು ಇಬ್ಬರ ಒಪ್ಪಿಗೆ, ಸಾಕ್ಷಿಗಳು, ಮೆಹರ್. ಕುವೆಂಪು ಅವರ ಮಂತ್ರ ಮಾಂಗಲ್ಯದಲ್ಲಿ ಪುರೋಹಿತರೂ ಬೇಡ, ಮುಹೂರ್ತವೂ ಬೇಡ.

ಇದೆಲ್ಲ ಕಾಗದದ ಮೇಲೆ ಸರಿ, ಮನೆಯಲ್ಲಿ ನಿಜಕ್ಕೂ ಹೀಗೆ ಬಿಟ್ಟುಕೊಡಲು ಆಗುತ್ತದಾ ಎಂದು ಕೇಳಬಹುದು. ನನ್ನ ಅಕ್ಕನ ಮಗಳ ಮದುವೆ ತೀರ್ಥಹಳ್ಳಿ ಹತ್ತಿರ ಅವರ ಮನೆಯಂಗಳದಲ್ಲೇ ಗೊತ್ತಾಗಿತ್ತು, ಮೇ ತಿಂಗಳ ನಡುವೆ. ಗಂಡಿನ ಕಡೆಯವರು ಉಡುಪಿಯವರು. ಹಿಂದಿನ ರಾತ್ರಿ ಹಿಡಿದ ಗಾಳಿಮಳೆಗೆ, ಅಡಿಕೆ ಕಂಬ ನೆಟ್ಟು ಸೋಗೆ ಹೊದಿಸಿದ್ದ ಚಪ್ಪರ ಒಂದು ಮಗ್ಗುಲಿಗೆ ವಾಲಿ ಬೆಳಗಾಗುವಷ್ಟರಲ್ಲಿ ನೆಲ ಹಿಡಿದಿತ್ತು. ಕರೆಂಟು ಇಲ್ಲ. ಅಂಗಳದಲ್ಲಿ ಪಾದ ಹೂತುಹೋಗುವ ಕೆಸರು. ಆರು ಗಂಟೆಯ ಹೊತ್ತಿಗೆ ಫೋನು ಬಂತು: ಆಗುಂಬೆ ಘಾಟಿಯಲ್ಲಿ ಮರ ಬಿದ್ದಿದೆ, ದಿಬ್ಬಣದ ಬಸ್ಸು ಅಲ್ಲೇ ನಿಂತಿದೆ.

ಜಗಲಿಯಲ್ಲಿ ಗಂಡಸರು ಸೇರಿದರು. ಸಂಜೆಗೆ ಹಾಕೋಣ ಎಂದರು ಒಬ್ಬರು, ಪೇಟೆಯ ಛತ್ರ ವಿಚಾರಿಸೋಣ ಎಂದರು ಇನ್ನೊಬ್ಬರು, ಇವತ್ತು ಬೇಡವೇ ಬೇಡ, ಇದು ಸೂಚನೆ ಎಂದವರೂ ಇದ್ದರು. ಮದುಮಗಳು ಅಡುಗೆಮನೆಯ ಮೂಲೆಯಲ್ಲಿ ಮೆಹಂದಿಯ ಕೈಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ನನ್ನ ಅಮ್ಮ ಹೊರಗೆ ಬಂದು, "ಮದುವೆ ಯಾರದ್ದು? ಅವಳನ್ನ ಕರೆದು ಕೇಳಿ" ಎಂದ ಮೇಲೆಯೇ ಅವಳು ಜಗಲಿಗೆ ಬಂದದ್ದು. ಬಂದವಳು ಪುರೋಹಿತರತ್ತ ತಿರುಗಿ ಕೇಳಿದಳು, "ಭಟ್ರೇ, ಲಗ್ನ ಎಷ್ಟು ಹೊತ್ತಿನವರೆಗೆ ಇದೆ?" ಅವರು ಪಂಚಾಂಗ ತಿರುವಿ, "ಪತ್ರಿಕೇಲಿ ಹತ್ತೂವರೆ ಹಾಕಿದ್ದು ಹೌದು. ಹನ್ನೆರಡರವರೆಗೂ ಕರ್ಕಾಟಕ ಲಗ್ನವೇ ಇದೆ, ತೊಂದರೆ ಇಲ್ಲ" ಎಂದರು. "ಹಾಗಾದ್ರೆ ನಡುಮನೆಯಲ್ಲೇ ಮಾಡೋಣ. ಬಂದವರಿಗೆ ಮೊದಲು ಊಟ ಹಾಕಿ, ರಾತ್ರಿಯಿಂದ ಯಾರೂ ನೆಟ್ಟಗೆ ತಿಂದಿಲ್ಲ" ಎಂದಳು. ಧಾರೆಗೆ ಮೊದಲು ಊಟವೇ ಎಂದು ಹಿರಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಅಡುಗೆಯವರು ಮಾತ್ರ ಎಲೆ ಹಾಕಲು ಶುರು ಮಾಡಿಯೇ ಬಿಟ್ಟಿದ್ದರು.

ಹುಡುಗ, ಅವನ ಅಪ್ಪ ಅಮ್ಮ ಮತ್ತೆ ನಾಲ್ಕೈದು ಜನ ಬಿದ್ದ ಮರವನ್ನು ನಡೆದು ದಾಟಿ, ಈಚೆ ಕಡೆ ಸಿಕ್ಕ ಜೀಪು ಹತ್ತಿ ಬಂದರು. ಆ ತಾಯಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಮರದ ಕಾಂಡ ಹತ್ತಿ ಇಳಿದಿದ್ದರು. ಹುಡುಗ ನಮ್ಮ ಭಾವನ ಒಣಗಿದ ಪಂಚೆ ಉಟ್ಟುಕೊಂಡ. ಎಲ್ಲ ಸಿದ್ಧವಾಗಿ ಅಂತರಪಟ ಹಿಡಿಯಬೇಕು ಎನ್ನುವಾಗ ಗೊತ್ತಾದದ್ದು, ಅವಸರದಲ್ಲಿ ಆಭರಣದ ಪೆಟ್ಟಿಗೆ ಬಸ್ಸಿನಲ್ಲೇ ಉಳಿದಿದೆ, ಮಾಂಗಲ್ಯ ಅದರೊಳಗಿದೆ ಅಂತ. ಆ ತಾಯಿಯ ಕಣ್ಣಲ್ಲಿ ನೀರು ಬಂತು. ನನ್ನ ಅಮ್ಮ ಮಾತಾಡದೆ ಒಳಗೆ ಹೋದಳು. ಡಬ್ಬಿಯಿಂದ ಮುರಿಯದ, ಗಟ್ಟಿಯಾದ ಒಂದು ಅರಿಶಿನ ಕೊಂಬು ಆರಿಸಿದಳು. ದೇವರ ಬತ್ತಿಗೆಂದು ಇಟ್ಟಿದ್ದ ಹತ್ತಿಯನ್ನು ತೊಡೆಯ ಮೇಲೆ ಹೊಸೆದು ನೂಲು ಮಾಡಿ, ಅರಿಶಿನದ ನೀರಿನಲ್ಲಿ ಅದ್ದಿ, ಕೊಂಬಿನ ನಡುವಿಗೆ ಬಿಗಿಯಾಗಿ ಸುತ್ತಿ ತಟ್ಟೆಯಲ್ಲಿಟ್ಟು ತಂದಳು. ಭಟ್ಟರು ಅದಕ್ಕೇ ಅಕ್ಷತೆ ಹಾಕಿ ಪೂಜೆ ಮಾಡಿದರು. ಹನ್ನೊಂದೂ ಮುಕ್ಕಾಲರ ಸುಮಾರಿಗೆ ಜೀರಿಗೆ ಬೆಲ್ಲ ಬಿತ್ತು, ಮಾಂಗಲ್ಯಧಾರಣೆ ಆಯಿತು. ಬಂಗಾರದ ತಾಳಿ ಬಂದದ್ದು ಮಧ್ಯಾಹ್ನ ಎರಡು ಗಂಟೆಯ ಮೇಲೆ. ಅದೇ ದಾರಕ್ಕೆ ಪೋಣಿಸಿದರು.

ಅರಿಶಿನ ಕೊಂಬನ್ನು ಕಟ್ಟುವುದು ನನ್ನ ಅಮ್ಮ ಕಂಡುಹಿಡಿದ ಉಪಾಯವಲ್ಲ. ಬಂಗಾರ ಕೊಳ್ಳಲಾಗದ ಮನೆಗಳಲ್ಲಿ, ಅಡವಿಟ್ಟ ತಾಳಿ ಬಿಡಿಸಿಕೊಳ್ಳುವವರೆಗೆ, ತಾಳಿ ಕಳೆದುಹೋದಾಗ, ದಕ್ಷಿಣ ಭಾರತದ ಹೆಂಗಸರು ತಲೆಮಾರುಗಳಿಂದ ಇದನ್ನೇ ಮಾಡಿದ್ದಾರೆ. ನಮ್ಮ ಹಿರಿಯರ ಆಚರಣೆಗಳಲ್ಲಿ ಇಂಥ ಬದಲಿ ದಾರಿಗಳು ಬೇಕಾದಷ್ಟಿವೆ. ಅವರ ಕಾಲದಲ್ಲೂ ಹೊಳೆ ತುಂಬುತ್ತಿತ್ತು, ಎತ್ತಿನ ಗಾಡಿಯ ಅಚ್ಚು ಮುರಿಯುತ್ತಿತ್ತು, ಮದುವೆ ಮನೆಯಲ್ಲಿ ಸಾವಾಗುತ್ತಿತ್ತು. ಈಗ ಆ ದಾರಿಗಳು ನಮಗೆ ಗೊತ್ತಿಲ್ಲದಿರುವುದರಿಂದಲೇ ಇಷ್ಟು ಗಾಬರಿ.

ಮುಹೂರ್ತದ ವಿಷಯವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚು ಕಣ್ಣೀರು ಹರಿಯುವುದು ಇದಕ್ಕೇ. ಒಂದು ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ. ಎರಡು ಗಳಿಗೆ ಸೇರಿದರೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಹನ್ನೆರಡು ರಾಶಿಗಳೂ ಒಂದು ದಿನದೊಳಗೆ ಪೂರ್ವದಲ್ಲಿ ಉದಯಿಸಬೇಕಾದ್ದರಿಂದ ಒಂದೊಂದು ಲಗ್ನ ಹೆಚ್ಚುಕಡಿಮೆ ಎರಡು ಗಂಟೆ ಇರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವ ಸಮಯ ಆ ಎರಡು ಗಂಟೆಯೊಳಗೆ ಆರಿಸಿದ ಒಳ್ಳೆಯ ಭಾಗ. ಕೆಲವರು ಇನ್ನೂ ಸೂಕ್ಷ್ಮಕ್ಕಿಳಿದು ಹದಿಮೂರು ನಿಮಿಷದಷ್ಟಿರುವ ನವಾಂಶವನ್ನು ನೋಡುತ್ತಾರೆ. ಅದು ತಪ್ಪಿದರೂ ಲಗ್ನ ತಪ್ಪಿದಂತಾಗುವುದಿಲ್ಲ. ತಳದಲ್ಲಿ ತೂತಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವುದನ್ನು ನೋಡಿ ಹೊತ್ತು ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ನಿಮಿಷಗಳಿಗೆ ಯಾರೂ ಜಗಳವಾಡಿರಲಾರರು. ಲಗ್ನವೇ ದಾಟಿದರೆ ನಡುಹಗಲಿನ ಅಭಿಜಿತ್ ಇದೆ, ಸೂರ್ಯ ಮುಳುಗುವ ಹೊತ್ತಿನ ಗೋಧೂಳಿ ಇದೆ. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹಗಳಲ್ಲಿ ಮಾಂಗಲ್ಯಧಾರಣೆ ಆಗುವುದು ಈ ಗೋಧೂಳಿಯಲ್ಲೇ. ಮದುವೆಗೆ ಒಂದು ವಾರ ಮೊದಲೇ ನಿಮ್ಮ ಪುರೋಹಿತರನ್ನು, ತಡವಾದರೆ ಎಲ್ಲಿಯವರೆಗೆ ಸರಿ, ಆಮೇಲೆ ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಒಳ್ಳೆಯ ಪುರೋಹಿತರು ಸಂತೋಷದಿಂದ ಹೇಳುತ್ತಾರೆ.

ಸಾವಿನ ಸುದ್ದಿ ಇದಕ್ಕಿಂತ ಕಠಿಣ. ಇಲ್ಲೂ ಶಾಸ್ತ್ರ ಒಂದು ಗೆರೆ ಎಳೆದಿದೆ. ನಾಂದಿ ಆದ ಮೇಲೆ ಬಂದ ಸೂತಕ ಆ ಮದುವೆಗೆ ತಟ್ಟುವುದಿಲ್ಲ, ಶುರುವಾದ ಕಾರ್ಯ ಮುಗಿಸಬಹುದು ಎಂಬುದು ಹಳೆಯ ನಿಯಮ. ಅದಕ್ಕೇ ದಿನ ಹತ್ತಿರವಾದಂತೆ ನಾಂದಿಯನ್ನು ಬೇಗ ಮುಗಿಸಿಕೊಳ್ಳುವ ಮನೆಗಳಿವೆ. ಆದರೆ ಶಾಸ್ತ್ರ ಬಿಟ್ಟುಕೊಟ್ಟಿತೆಂದು ಮನಸ್ಸು ಬಿಟ್ಟುಕೊಡಬೇಕಲ್ಲ. ಹೆತ್ತವರೋ ಒಡಹುಟ್ಟಿದವರೋ ಹೋದಾಗ ಮದುವೆ ಮುಂದಕ್ಕೆ ಹಾಕಿದರೆ ಯಾರೂ ತಪ್ಪು ತಿಳಿಯಬಾರದು. ದೂರದ ನೆಂಟರ ಸಾವಾದರೆ ಓಲಗ ನಿಲ್ಲಿಸಿ, ಆರತಕ್ಷತೆ ಬಿಟ್ಟು, ಧಾರೆಯನ್ನು ಮನೆಮಟ್ಟಿಗೆ ಮುಗಿಸುವುದು ಸರಿ ಎಂದು ನನಗನ್ನಿಸುತ್ತದೆ. ತೀರ್ಮಾನವನ್ನು ಎರಡೂ ಮನೆಯವರು ಎದುರುಬದುರು ಕೂತು ಮಾಡಲಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾಡಬೇಡಿ.

ಮುಟ್ಟಿನ ಬಗ್ಗೆ ಬರೆಯುವ ಹುಡುಗಿಯರು ಹೆಸರು ಹಾಕುವುದಿಲ್ಲ. ಅಮ್ಮನಿಗೂ ಹೇಳದೆ, ಮದುವೆಯ ಹಿಂದಿನ ದಿನ ಮೆಡಿಕಲ್ ಶಾಪಿಗೆ ಗೆಳತಿಯನ್ನು ಕಳಿಸಿ ಮಾತ್ರೆ ತರಿಸಿಕೊಳ್ಳುತ್ತಾರೆ. ಅವರಿಗೆ ಹೇಳಬೇಕಾದ್ದು ಇದೆ. ಮುಟ್ಟು ಮುಂದೂಡಲು ವೈದ್ಯರು ಸಾಮಾನ್ಯವಾಗಿ ಕೊಡುವ ನಾರೆಥಿಸ್ಟರೋನ್ ಮಾತ್ರೆಯನ್ನು ಮುಟ್ಟಿನ ದಿನಕ್ಕೆ ಮೂರು ದಿನ ಮೊದಲೇ ಶುರು ಮಾಡಬೇಕು. ಶುರುವಾಗುವ ಹೊತ್ತಿಗೆ ನುಂಗಿದರೆ ಅದನ್ನು ನಂಬುವಂತಿಲ್ಲ. ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಲೇಬೇಡಿ. ಇದಕ್ಕಿಂತ ಮುಖ್ಯವಾದ ಮಾತು ಅಮ್ಮಂದಿರಿಗೆ. ಮಗಳ ಮೈಯ ಸಹಜ ಕ್ರಿಯೆಯೊಂದು ಅವಳ ಮದುವೆಗೆ ವಿಘ್ನ ಅನ್ನಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ನಂಬಿಕೆ ಗಟ್ಟಿಯಾಗಿರುವ ಮನೆಗಳಿಗೆ ಹಳೆಯ ಗ್ರಂಥಗಳು ಶಾಂತಿಯ ದಾರಿ ಹೇಳಿವೆ, ಅದನ್ನು ಮಾಡಿಸಿಕೊಳ್ಳಿ. ಆದರೆ ಹೊಟ್ಟೆನೋವಿನಲ್ಲಿ ಹೋಮದ ಹೊಗೆಯ ಮುಂದೆ ಕೂತ ಹುಡುಗಿಗೆ ತಾನೇನೋ ಅಪರಾಧ ಮಾಡಿದ್ದೇನೆ ಅನ್ನಿಸುವಂತೆ ನಡೆದುಕೊಳ್ಳಬೇಡಿ. ಬಿಸಿನೀರು ಕೊಡಿ, ಬೆನ್ನಿಗೆ ಒಂದು ದಿಂಬು ಕೊಡಿ, ಶಾಸ್ತ್ರಗಳ ನಡುವೆ ಹತ್ತು ನಿಮಿಷ ಕೋಣೆಗೆ ಕರೆದುಕೊಂಡು ಹೋಗಿ.

ಹೊರಗಿನಿಂದ ಬರುವ ಆಪತ್ತುಗಳನ್ನು ನಮ್ಮ ಜನ ದಾಟಿದ ರೀತಿ ನೋಡಿದರೆ ನನಗೆ ಹೆಮ್ಮೆಯಾಗುತ್ತದೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಮದುವೆ ಗೊತ್ತಾಗಿದ್ದ ಮನೆಗಳು ಕೈಯಲ್ಲಿ ದುಡ್ಡಿದ್ದೂ ಇಲ್ಲದಂತಾದವು. ಎರಡೂವರೆ ಲಕ್ಷ ತೆಗೆಯಲು ಸರ್ಕಾರ ಅವಕಾಶ ಕೊಟ್ಟದ್ದು ಒಂದು ವಾರ ಕಳೆದ ಮೇಲೆ. ಅಷ್ಟರೊಳಗೆ ದಿನಸಿ ಅಂಗಡಿಯವರು, ಹೂವಿನವರು, ಅಡುಗೆಯವರು ಬಾಯಿಮಾತಿನ ಮೇಲೆ ಮದುವೆಗಳನ್ನು ಮಾಡಿಸಿಕೊಟ್ಟರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಕ್ಕಂದೂರಿನ ಹುಡುಗಿಯೊಬ್ಬಳ ಮನೆ, ಮದುವೆಗೆಂದು ಕೂಡಿಟ್ಟದ್ದು ಎಲ್ಲ ಹೋಯಿತು. ಪರಿಹಾರ ಕೇಂದ್ರದಲ್ಲಿದ್ದ ಅವಳಿಗೆ ಊರವರು, ಸಂಘದವರು ಸೀರೆ ಒಡವೆ ಹೊಂದಿಸಿ ಮಡಿಕೇರಿಯ ಓಂಕಾರೇಶ್ವರನ ಸನ್ನಿಧಿಯಲ್ಲಿ ಮದುವೆ ಮಾಡಿಸಿದರು. 2020ರ ಲಾಕ್‌ಡೌನಿನಲ್ಲಿ 50 ಜನರ ಮಿತಿ ಬಂದಾಗ ಎಷ್ಟೋ ಮನೆಗಳು ಪಟ್ಟಿಯಿಂದ ಹೆಸರು ಹೊಡೆದುಹಾಕಿ ಹಿತ್ತಿಲಲ್ಲೇ ಧಾರೆ ಎರೆದವು. 2021ರ ಅಕ್ಟೋಬರ್‌ನಲ್ಲಿ ಕೇರಳದ ಆಲಪ್ಪುಳ ಜಿಲ್ಲೆಯ ತಲವಡಿಯಲ್ಲಿ ನೆರೆನೀರು ದಾರಿ ಮುಚ್ಚಿದಾಗ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಂದು ಜೋಡಿ ಅಡುಗೆಯ ದೊಡ್ಡ ಅಲ್ಯೂಮಿನಿಯಂ ಪಾತ್ರೆಯೊಳಗೆ ಕೂತು ಮದುವೆಯ ಜಾಗ ತಲುಪಿತು. ಸುತ್ತ ನೀರಿನಲ್ಲಿ ಇಳಿದವರು ಪಾತ್ರೆಯನ್ನು ತಳ್ಳಿಕೊಂಡು ಹೋದರು.

2025ರ ಡಿಸೆಂಬರ್ ಮೊದಲ ವಾರದ ಸುದ್ದಿಯನ್ನು ಹುಬ್ಬಳ್ಳಿಯವರು ಮರೆತಿರಲಾರರು. ವಿಮಾನಗಳು ಸಾಲುಸಾಲಾಗಿ ರದ್ದಾಗಿ, ಆರತಕ್ಷತೆಗೆ ಬರಬೇಕಾದ ಹೊಸ ಜೋಡಿಯೇ ಭುವನೇಶ್ವರದಲ್ಲಿ ಉಳಿಯಿತು. ಜನ ಬಂದಾಗಿದೆ, ಅಡುಗೆ ಆಗಿದೆ. ಹುಡುಗಿಯ ಅಪ್ಪ ಅಮ್ಮ ವೇದಿಕೆಯ ಮೇಲೆ ಮದುಮಕ್ಕಳ ಕುರ್ಚಿಯಲ್ಲಿ ತಾವೇ ಕೂತರು. ಮಗಳು ಅಳಿಯ ಅಲ್ಲಿಂದಲೇ ಸಿಂಗಾರ ಮಾಡಿಕೊಂಡು ದೊಡ್ಡ ಪರದೆಯಲ್ಲಿ ಕಾಣಿಸಿಕೊಂಡರು. ಕೆಲವರಿಗೆ ಇದು ವಿಚಿತ್ರ ಅನ್ನಿಸಿತು. ನನಗೆ ಆ ತಂದೆತಾಯಿಯ ಮೇಲೆ ಗೌರವ ಬಂತು. ಬಂದವರನ್ನು ಬಾಗಿಲಿಂದಲೇ ಕಳಿಸದೆ, ಮಗಳ ಸಂತೋಷವನ್ನೂ ಕಡಿಮೆ ಮಾಡದೆ, ಆ ಎರಡು ಕುರ್ಚಿಗಳನ್ನು ಖಾಲಿ ಬಿಡಲಿಲ್ಲ ಅವರು.

ಇಷ್ಟೆಲ್ಲ ದಾಟಿದ ಮೇಲೂ ಉಳಿಯುವ ಒಂದು ವಿಘ್ನವಿದೆ, ಅದು ಮಾತಿನದ್ದು. ತೀರ್ಥಹಳ್ಳಿಯ ಆ ಮದುವೆಯಲ್ಲೂ ಬಸ್ಸಿನಿಂದ ಕೊನೆಗೆ ಇಳಿದ ಹೆಂಗಸೊಬ್ಬರು, "ಹುಡುಗಿ ಕಾಲಿಡೋ ಮೊದಲೇ ಹೀಗಾಯ್ತಲ್ಲ" ಎಂದರು. ಎಲ್ಲರಿಗೂ ಕೇಳುವ ಹಾಗೆ ಅಂದರು. ಹುಡುಗನ ಅಪ್ಪ ಕೈತೊಳೆಯುತ್ತಿದ್ದವರು ತಿರುಗಿ, "ಮರ ಬಿದ್ದಿದ್ದು ನಾವು ಬರೋ ದಾರೀಲಿ ಅಕ್ಕ. ಅವಳು ಅವಳ ಮನೇಲಿ ನಮಗೆ ಊಟ ಬಡಿಸ್ತಾ ಇದ್ಲು" ಎಂದರು. ಅಲ್ಲಿಗೆ ಆ ಮಾತು ನಿಂತಿತು. ಕಾಲ್ಗುಣ ಎಂಬ ಈ ಕ್ರೂರ ಲೆಕ್ಕ ನಮ್ಮ ಮನೆಗಳಲ್ಲಿ ಇನ್ನೂ ಜೀವಂತವಾಗಿದೆ. ಮಳೆ ಬಂದರೂ ಹುಡುಗಿಯ ಲೆಕ್ಕಕ್ಕೆ, ಕರೆಂಟು ಹೋದರೂ ಅವಳ ಲೆಕ್ಕಕ್ಕೆ, ಮುಂದೆ ಹತ್ತು ವರ್ಷ ಆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅದೇ ಮಾತು. ಇಂಥ ಮಾತು ಬಂದ ಗಳಿಗೆಯಲ್ಲೇ, ಬಂದ ಜಾಗದಲ್ಲೇ, ಗಂಡಿನ ಕಡೆಯ ಹಿರಿಯರೊಬ್ಬರು ತಡೆಯಬೇಕು. ಹುಡುಗಿ ತಡೆದರೆ ಬಜಾರಿ ಅನ್ನುತ್ತಾರೆ, ಅವಳ ಅಮ್ಮ ತಡೆದರೆ ಬೀಗರಲ್ಲಿ ಮನಸ್ತಾಪ. ಮಾವ ಆಡಿದ ಒಂದು ಮಾತಿಗೆ ಅಷ್ಟು ತೂಕವಿದೆ, ಗಂಡಸರು ಅದನ್ನು ಬಳಸಬೇಕು.

ಎಲ್ಲ ಅಡ್ಡಿಯನ್ನೂ ದಾಟಿ ಮದುವೆ ಮಾಡಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಿಂದಿನ ರಾತ್ರಿ ಕಾರು ಬೇಕು, ಇನ್ನಷ್ಟು ಬಂಗಾರ ಬೇಕು ಎಂದು ಹಟ ಹಿಡಿದರೆ, ಹುಡುಗನಿಗೆ ಇನ್ನೊಂದು ಮದುವೆ ಇರುವುದು ಗೊತ್ತಾದರೆ, ಓದು ಉದ್ಯೋಗದ ಬಗ್ಗೆ ಹೇಳಿದ್ದೆಲ್ಲ ಸುಳ್ಳೆಂದು ತಿಳಿದರೆ, ಚಪ್ಪರದೊಳಗಿಂದಲೇ ಎದ್ದು ಬನ್ನಿ. ವರದಕ್ಷಿಣೆ ಕೇಳುವುದೇ 1961ರ ಕಾಯ್ದೆಯಲ್ಲಿ ಜೈಲುಶಿಕ್ಷೆಯ ಅಪರಾಧ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಖರ್ಚಾಗಿದೆ, ಜನ ಬಂದಿದ್ದಾರೆ, ಮಾನ ಹೋಗುತ್ತದೆ ಎಂದು ಅಂಥ ಮನೆಗೆ ಮಗಳನ್ನು ಕಳಿಸುವ ತಂದೆತಾಯಿಗಳನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ, ಬೇಡ. ಅಡುಗೆ ಮಿಕ್ಕರೆ ಹತ್ತಿರದ ಶಾಲೆಗೋ ಅನಾಥಾಲಯಕ್ಕೋ ಕಳಿಸಬಹುದು.

ಉಳಿದ ಸಣ್ಣಪುಟ್ಟ ತೊಂದರೆಗಳಿಗೆ ಮನೆಯ ಒಬ್ಬ ಗಟ್ಟಿ ಮನುಷ್ಯನನ್ನು ಹಿಡಿಯಿರಿ. ಅಣ್ಣನೋ ಚಿಕ್ಕಮ್ಮನೋ, ಯಾರಾದರೂ ಸರಿ. ಛತ್ರದವರ, ಹೂವಿನವರ, ವ್ಯಾನಿನವರ ಫೋನೆಲ್ಲ ಅವರಿಗೇ ಹೋಗಲಿ. ರವಿಕೆ ಬಿಗಿಯಾದರೆ ಒಳಗೆ ಬಿಟ್ಟ ಬಟ್ಟೆಯ ಹೊಲಿಗೆ ಬಿಚ್ಚುವ ಕತ್ತರಿ, ಸೂಜಿದಾರ, ಪಿನ್ನು ಮದುಮಗಳ ಕೋಣೆಯಲ್ಲಿರಲಿ. ಫೋಟೋದವರು ಕೈಕೊಟ್ಟರೆ ಮಾಂಗಲ್ಯಧಾರಣೆ, ಸಪ್ತಪದಿ ಎರಡನ್ನಾದರೂ ಯಾರಾದರೂ ಮೊಬೈಲಿನಲ್ಲಿ ತೆಗೆಯಲಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಗೆ ಹೋದಾಗ ಆಮಂತ್ರಣ ಪತ್ರಿಕೆಯ ಜೊತೆಗೆ ಆ ಚಿತ್ರ ಕೇಳುತ್ತಾರೆ. ಮಂಡಪ ಚಿಕ್ಕದಾದದ್ದು, ಹೂವು ಕಡಿಮೆಯಾದದ್ದು ಮದುಮಗಳಿಗೆ ಗೊತ್ತಾಗದಿದ್ದರೂ ನಡೆಯುತ್ತದೆ. ಮದುವೆಯ ಹೊತ್ತು, ಜಾಗ, ಮುಂದೂಡುವುದು, ನಿಲ್ಲಿಸುವುದು ಮಾತ್ರ ಅವಳನ್ನು ಕೇಳದೆ ತೀರ್ಮಾನವಾಗಕೂಡದು.

ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಎಂದು ಈ ವಾರ ಬರೆದ ಹುಡುಗಿಗೆ: ತಂದೆಗೆ ಆಗದಿದ್ದರೆ ಕನ್ಯಾದಾನ ಯಾರು ಮಾಡಬೇಕೆಂದು ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಸರದಿ ಇದೆ. ಅಜ್ಜ, ಅಣ್ಣತಮ್ಮ, ಕುಲದವರು, ಆಮೇಲೆ ತಾಯಿ. ತಾಯಿಯ ಹೆಸರು ಕೊನೆಯಲ್ಲಿರುವುದು ನನಗೆ ಒಪ್ಪಿಗೆಯಿಲ್ಲ, ಆದರೆ ಹೆಸರು ಇದೆ ಎಂಬುದು ನಿಮಗೆ ಸಾಕು. ನಿಮ್ಮನ್ನು ಹೆತ್ತು ಬೆಳೆಸಿದ ಅಮ್ಮ ಮಣೆಯ ಮೇಲೆ ಕೂತು ಧಾರೆ ಎರೆಯಲಿ, ಪಕ್ಕದಲ್ಲಿ ತಮ್ಮ ಕೈಹಿಡಿದು ಕೂರಲಿ. ಪುರೋಹಿತರು ಒಪ್ಪದಿದ್ದರೆ ಈ ಸಾಲನ್ನು ತೋರಿಸಿ, ಆಗಲೂ ಒಪ್ಪದಿದ್ದರೆ ಬೇರೆಯವರನ್ನು ಕರೆಸಿ, ಇನ್ನೂ ಸಮಯವಿದೆ. ಅಪ್ಪನಿಗೆ ವಾರ್ಡಿನಲ್ಲಿ ವೀಡಿಯೊ ಕಾಲ್ ಹಾಕಿಕೊಡಲು ಒಬ್ಬರನ್ನು ಬೆಳಗ್ಗೆಯೇ ಅಲ್ಲಿ ಕೂರಿಸಿ, ನರ್ಸ್‌ಗೆ ಮೊದಲೇ ಹೇಳಿರಲಿ. ಧಾರೆ ಮುಗಿದ ಮೇಲೆ ಭೇಟಿಯ ಸಮಯ ನೋಡಿಕೊಂಡು, ಸೀರೆ ಬದಲಿಸದೆ ಇಬ್ಬರೂ ಹೋಗಿ ಅವರಿಗೆ ನಮಸ್ಕಾರ ಮಾಡಿ ಬನ್ನಿ. ಹಾರ ಮಾತ್ರ ಹೊರಗೇ ತೆಗೆದಿಡಿ, ಎಷ್ಟೋ ವಾರ್ಡುಗಳಲ್ಲಿ ಹೂವು ಒಳಗೆ ಬಿಡುವುದಿಲ್ಲ.